ಕಣಿಲೆ ಪಲ್ಯ ಕಹಿಯಾಗಿ ಹೊಟ್ಟೆ ತೊಳೆಸಿದ್ದಕ್ಕೆ

ಕಣಿಲೆ, ಅಂದರೆ ಬಿದಿರಿನ ಎಳೆ ಮೊಳಕೆಯ ಪಲ್ಯ ಕಹಿಯಾಯ್ತು, ತಿಂದ ಮೇಲೆ ಹೊಟ್ಟೆ ತೊಳೆಸಿತು ಅಂತ ಕೇಳಿದ್ದೀರಿ. ನೆನೆಸದೇ ಬೇಯಿಸಿದ್ದೇ ಕಾರಣ ಇರಬೇಕು. ಸಂತೆಯಿಂದ ತಂದ ಕಣಿಲೆಯನ್ನು ಅದೇ ದಿನ ಒಗ್ಗರಣೆಗೆ ಹಾಕಿದೆ ಅಂದಿದ್ದೀರಲ್ಲ, ಅದಕ್ಕೇ ಅನುಮಾನ. ಹಸಿ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನೋ ಅಂಶ ಇರುತ್ತದೆ. ಹೆಚ್ಚಿದಾಗ, ಜಗಿದಾಗ ಅದರಿಂದ ಸಯನೈಡ್ ಹೊರಬರುತ್ತದೆ. ಕಹಿಯೂ ಈ ಟ್ಯಾಕ್ಸಿಫಿಲಿನ್‌ನದ್ದೇ.

ನಮ್ಮಮ್ಮ ಕಲಿಸಿದ ಕ್ರಮ ಹೀಗೆ. ಮೇಲಿನ ಗಟ್ಟಿ ಸಿಪ್ಪೆ, ಅದರ ಸಣ್ಣ ಚುಂಗು ಪೂರ್ತಿ ತೆಗೆಯಿರಿ. ಚಾಕು ಸಲೀಸಾಗಿ ಇಳಿಯುವ ಎಳೆಯ ಭಾಗ ಮಾತ್ರ ಸಾಕು, ಬುಡ ಬಿಸಾಡಿ. ಆದಷ್ಟು ತೆಳ್ಳಗೆ ಹೆಚ್ಚಿ. ದಪ್ಪ ಹೋಳಾದರೆ ಒಳಗಿನ ಕಹಿ ಒಳಗೇ ಉಳಿಯುತ್ತದೆ. ಹೋಳು ಮುಳುಗುವಷ್ಟು ನೀರಲ್ಲಿ ಹಾಕಿಡಿ, ದಿನಾ ನೀರು ಬದಲಿಸಿ. ಎಷ್ಟು ದಿನ ಅನ್ನೋದು ಮನೆಗೊಂದು ಲೆಕ್ಕ, ನಮ್ಮಲ್ಲಿ ಮೂರು ದಿನ. ಮೊದಲ ದಿನದ ನೀರು ಹಳದಿಯಾಗಿ ಘಾಟು ಹೊಡೆಯುತ್ತದೆ, ಗಾಬರಿ ಬೇಡ. ಆ ನೀರನ್ನು ದನ, ಕೋಳಿ ಕುಡಿಯೋ ಕಡೆ ಮಾತ್ರ ಚೆಲ್ಲಬೇಡಿ!

ಆಮೇಲೆ ಹೊಸ ನೀರಲ್ಲಿ, ಮುಚ್ಚಳ ಹಾಕದೆ ಅರ್ಧ ಗಂಟೆ ಕುದಿಸಿ. ವಿಷ ಆವಿಯಾಗಿ ಹೋಗಲಿ ಅಂತ ಮುಚ್ಚಳ ಬೇಡ ಅನ್ನೋದು. ಕುಕ್ಕರ್ ಸುಲಭ, ಆದರೆ ಇದಕ್ಕೆ ಬೇಡ. ಆ ನೀರನ್ನೂ ಬಸಿದು ಚೆಲ್ಲಿ. ಬೆಂದ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗುಳಿ, ಇನ್ನೊಮ್ಮೆ ಕುದಿಸಿ. ಕಹಿ ಹೋದ ಮೇಲೇ ಮಸಾಲೆ.

ಹೊಟ್ಟೆ ತೊಳೆಸಿದ್ದಕ್ಕೆ ಬೇರೆ ಕಾರಣವೂ ಇರಬಹುದು. ಉಳಿದ ಪಲ್ಯ ಮಾತ್ರ ತಿನ್ನಬೇಡಿ. ಈಗಲೂ ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಇದ್ದರೆ ಕಾಯದೇ ಡಾಕ್ಟರ್ ಹತ್ತಿರ ಹೋಗಿ, ಕಣಿಲೆ ತಿಂದದ್ದನ್ನು ಹೇಳಿ.