ಈಚೆಗೆ ಪೂರ್ತಿ ಕೇಳಿದ ಐದು ಆಲ್ಬಂ, ಮತ್ತೆ ಒಂದು ಕೆಟ್ಟ ಪಿಯಾನೋ

ಈಚೆಗೆ ಯಾವ ಆಲ್ಬಂ ಕೇಳುತ್ತಿದ್ದೀರಿ, ಹೇಗನಿಸಿತು, ಬರೀ ಹೆಸರುಗಳ ಪಟ್ಟಿ ಬೇಡ ಅಂತ ಕೇಳಿದ್ದೀರಿ. ಒಳ್ಳೇದಾಯ್ತು. ಹೆಸರು ಯಾರು ಬೇಕಾದರೂ ಕೊಡಬಹುದು. ಯಾಕೆ ಇಷ್ಟವಾಯ್ತು ಅಂತ ಬರೆಯಲು ಕೂತಾಗಲೇ ನಾವು ಅದನ್ನು ನಿಜವಾಗಿ ಕೇಳಿದ್ದೀವಾ ಇಲ್ವಾ ಅನ್ನೋದು ಬಯಲಾಗುತ್ತದೆ.

ಎರಡು ತಿಂಗಳಿಂದ ನಾನು ಹಾಡುಗಳ ಕ್ರಮ ಕಲಸಿಬಿಡುವ ಶಫಲ್ ಬಟನ್ ಮುಟ್ಟಿಲ್ಲ. ಒಂದು ಆಲ್ಬಂ ಹಾಕಿದರೆ ಮೊದಲಿಂದ ಕೊನೆಯವರೆಗೆ, ಅದೇ ಕ್ರಮದಲ್ಲಿ, ಫೋನನ್ನು ಬೋರಲು ಹಾಕಿಟ್ಟು. ಸುಮ್ನೆ ಹಟಕ್ಕೆ ಅಲ್ಲ. ಆ್ಯಪ್ ತನ್ನ ಪಾಡಿಗೆ ಒಂದಾದ ಮೇಲೊಂದು ಹಾಡು ಹಾಕುತ್ತಾ ಹೋಗುತ್ತಿತ್ತು. ಸಂಜೆ ಯಾರಾದರೂ ಏನು ಕೇಳಿದೆ ಅಂದರೆ ಒಂದೂ ನೆನಪಿಗೆ ಬರುತ್ತಿರಲಿಲ್ಲ.

ಜಾಸ್ತಿ ಸಲ ಕೇಳಿದ್ದು ಅಮೆರಿಕದ ಜಾಝ್ ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರ 'ದ ಕೋಲ್ನ್ ಕಾನ್ಸರ್ಟ್'. 1975ರ ಜನವರಿ 24ರ ರಾತ್ರಿ, ಜರ್ಮನಿಯ ಕೋಲ್ನ್ ನಗರದ ಆಪೆರಾ ಹೌಸಿನಲ್ಲಿ ಒಬ್ಬರೇ ಕೂತು ನುಡಿಸಿದ ಪಿಯಾನೋ. ಕೊನೆಯ ಏಳು ನಿಮಿಷದ ತುಣುಕು ಬಿಟ್ಟರೆ ಉಳಿದದ್ದೆಲ್ಲ ಕೂತಲ್ಲೇ ಕಟ್ಟಿದ್ದು. ಇದರ ಹಿಂದಿನ ಕಥೆ ನೀವೂ ಕೇಳಿರಬಹುದು. ಅವರು ಕೇಳಿದ್ದು ದೊಡ್ಡ ಬೋಸೆಂಡಾರ್ಫರ್ ಪಿಯಾನೋ. ವೇದಿಕೆಗೆ ಬಂದಿದ್ದು ಅದೇ ಕಂಪನಿಯ ಚಿಕ್ಕದು, ಅಭ್ಯಾಸಕ್ಕೆ ಇಟ್ಟುಕೊಂಡಿದ್ದು. ಶ್ರುತಿ ಕೆಟ್ಟಿತ್ತು. ಮೇಲಿನ ಸ್ವರ ತಗಡು ಬಡಿದ ಹಾಗೆ, ಕೆಳಗಿನದಕ್ಕೆ ತೂಕವೇ ಇಲ್ಲ, ಪೆಡಲ್ ಕೂಡ ಸರಿಯಿಲ್ಲ. ಜೊತೆಗೆ ಜ್ಯಾರೆಟ್‌ಗೆ ಬೆನ್ನುನೋವು, ನಿದ್ದೆಯೂ ಇಲ್ಲ. ಅವತ್ತು ಅಲ್ಲಿ ಮೊದಲೇ ಒಂದು ಆಪೆರಾ ಇದ್ದಿದ್ದರಿಂದ ಕಛೇರಿ ಶುರುವಾಗಿದ್ದು ರಾತ್ರಿ 11.30ಕ್ಕೆ. ನುಡಿಸಲ್ಲ ಅಂತ ಹೊರಟಿದ್ದವರನ್ನು ಒಪ್ಪಿಸಿದ್ದು ಕಾರ್ಯಕ್ರಮ ಏರ್ಪಡಿಸಿದ್ದ ವೆರಾ ಬ್ರಾಂಡೆಸ್. ಆಕೆಗೆ ಆಗ 18 ವರ್ಷ.

ಕಥೆ ಚೆನ್ನಾಗಿದೆ. ಆದರೆ ಇಂಥ ಕಥೆಗಳನ್ನು ಓದಿದ ಮೇಲೆ ನನಗೆ ಯಾವಾಗಲೂ ಒಂದು ಅನುಮಾನ: ಇದು ಕಿವಿಗೆ ಸಿಗುತ್ತದಾ, ಅಥವಾ ಕಥೆ ಗೊತ್ತಿದ್ದಕ್ಕೆ ನಾವೇ ಕೇಳಿಸಿಕೊಳ್ಳುತ್ತೀವಾ? ಇದರಲ್ಲಿ ಸಿಗುತ್ತದೆ. ಮೊದಲ ಭಾಗ 26 ನಿಮಿಷ. ಅದರಲ್ಲಿ ಸುಮಾರು 12 ನಿಮಿಷ, ಹಲವು ಸ್ವರ ಒಟ್ಟಿಗೆ ಒತ್ತುವ ಎರಡೇ ಕಾರ್ಡ್‌ಗಳ ನಡುವೆ ಓಡಾಡುತ್ತಾರೆ. ಎಡಗೈ ಒಂದೇ ಓಟವನ್ನು ಮತ್ತೆ ಮತ್ತೆ ಬಡಿಯುತ್ತಿರುತ್ತದೆ. ಕೆಳಗಿನ ಸ್ವರ ತಾನಾಗಿ ಮೊಳಗದಿದ್ದರೆ ಇನ್ನೇನು ಮಾಡೋದು, ಬಡಿದು ಬಡಿದೇ ಅದನ್ನು ಎಬ್ಬಿಸಬೇಕು. ಬಲಗೈ ಕೂಡ ತೀರಾ ಮೇಲಕ್ಕೆ ಹೋಗದೆ ಬಹುಪಾಲು ನಡುವಿನಲ್ಲೇ ಸುತ್ತುತ್ತದೆ. ಒಳ್ಳೆ ಪಿಯಾನೋ ಸಿಕ್ಕಿದ್ದರೆ ಇಷ್ಟು ಹೊತ್ತು ಒಂದೇ ಜಾಗದಲ್ಲಿ ನಿಲ್ಲುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಮೊದಲ ಸಲ ಕೇಳಿದಾಗ ನನಗೆ ಕಿರಿಕಿರಿಯಾಗಿತ್ತು. ಜ್ಯಾರೆಟ್ ನುಡಿಸುವಾಗ ಗುನುಗುತ್ತಾರೆ, ನರಳುತ್ತಾರೆ, ಕಾಲು ಕುಟ್ಟುತ್ತಾರೆ. ಪಕ್ಕದ ಕೋಣೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದುಕೊಂಡು ನಾನು ಎದ್ದು ಹೋಗಿ ನೋಡಿ ಬಂದಿದ್ದೆ! ಈಗ ಆ ಸದ್ದಿಲ್ಲದಿದ್ದರೆ ಏನೋ ಕಮ್ಮಿ ಅನಿಸುತ್ತೆ. ನಾಲ್ಕನೇ ಸಲ ಹೆಡ್‌ಫೋನ್ ಹಾಕಿದಾಗ ಇನ್ನೊಂದು ಸಿಕ್ಕಿತು. ಶುರುವಿನ ನಾಲ್ಕಾರು ಸ್ವರ ಆಗುತ್ತಿದ್ದ ಹಾಗೆ ಸಭೆಯಲ್ಲಿ ಯಾರೋ ಮೆಲ್ಲಗೆ ನಗುತ್ತಾರೆ. ಆ ಆಪೆರಾ ಹೌಸಿನಲ್ಲಿ ಜನರನ್ನು ಒಳಗೆ ಕರೆಯಲು ಬಾರಿಸುವ ಗಂಟೆಯ ಸ್ವರಗಳನ್ನೇ ಜ್ಯಾರೆಟ್ ಎತ್ತಿಕೊಂಡಿದ್ದರಂತೆ. ಬಂದವರಿಗೆ ಅದು ಗುರುತು ಸಿಕ್ಕಿದೆ.

ಪೂರ್ತಿ ಹೊಗಳಲ್ಲ. ಎರಡನೇ ಭಾಗದ ಮಧ್ಯದ ತುಂಡು ನನಗೆ ಎಳೆದ ಹಾಗೇ ಅನಿಸುತ್ತದೆ. ಅಲ್ಲೂ ಶುರುವಿನ ಆರು ನಿಮಿಷ ಒಂದೇ ಸುತ್ತು. ಮೊದಲ ಭಾಗದಲ್ಲಿ ಸುತ್ತಿದಷ್ಟೂ ಬಿಸಿ ಏರುತ್ತದೆ. ಇಲ್ಲಿ ಮಾತ್ರ ದಾರಿ ಹುಡುಕುತ್ತಿದ್ದಾರೆ ಅನಿಸುತ್ತೆ. ಅದು ತಪ್ಪೇನಲ್ಲ, ಆದರೆ ಐದು ಸಲದಲ್ಲಿ ಎರಡು ಸಲ ನನ್ನ ಗಮನ ಅಲ್ಲೇ ಜಾರಿದೆ.

ಕೋಲ್ನ್ ಅಂದ ಕೂಡಲೇ ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ ನೆನಪಾಗುತ್ತಾರೆ. 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಮಾಡುವ ಯೋಚನೆ ಅವರಿಗೆ ಬಂದಿದ್ದು ಅದೇ ಕೋಲ್ನ್‌ನ ವಿಮಾನ ನಿಲ್ದಾಣದಲ್ಲಿ ಕಾಯುತ್ತಾ ಕೂತಾಗ. ಇದರಲ್ಲಿ ಹಾಡು, ತಾಳ ಏನೂ ಇಲ್ಲ. ಎರಡನೇ ತುಣುಕಿನಲ್ಲಿ ಬರೀ ದನಿಗಳು, ಒಂದೊಂದು ದನಿಗೂ ಒಂದೊಂದು ಟೇಪಿನ ಸುತ್ತು. ಒಂದು ಸುಮಾರು 23 ಸೆಕೆಂಡಿಗೊಮ್ಮೆ ತಿರುಗಿ ಬರುತ್ತದೆ, ಇನ್ನೊಂದು 26ಕ್ಕೆ ಹತ್ತಿರ, ಮತ್ತೊಂದು 30ಕ್ಕೆ ಹತ್ತಿರ. ಉದ್ದ ಹೊಂದದೇ ಇರುವುದರಿಂದ ಅವು ಕೂಡುವ ರೀತಿ ಪ್ರತಿ ಸಲ ಬೇರೆ. ಇದನ್ನು ಕೂತು ಗಮನವಿಟ್ಟು ಕೇಳಲು ಹೋಗಿ ನಾನು ಸೋತೆ. ಹಿಂಸೆ. ಇನ್ನೊಂದು ದಿನ ಬಟ್ಟೆ ಮಡಚುತ್ತಾ ಹಾಕಿದೆ, ಬಹಳ ಚೆನ್ನಾಗಿತ್ತು. ನನ್ನ ನಿಯಮ ನಾನೇ ಮುರಿದ ಆಲ್ಬಂ ಇದೊಂದೇ.

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಬಗ್ಗೆ ಹೊಸದಾಗಿ ಹೇಳಲು ನನ್ನ ಹತ್ತಿರ ಜಾಸ್ತಿ ಇಲ್ಲ. 1959ರಲ್ಲಿ ಎರಡೇ ದಿನ ಕೂತು ಮಾಡಿದ ರೆಕಾರ್ಡಿಂಗ್. ವರ್ಷಗಟ್ಟಲೆ ಇದನ್ನು ಹಿನ್ನೆಲೆಯಲ್ಲಿ ಹಾಕಿಕೊಂಡು ಕೆಲಸ ಮಾಡಿದ್ದೇನೆ, ಈ ಸಲ ಕೂತು ಕೇಳಿದೆ. ಮೊದಲ ತುಣುಕಿನಲ್ಲಿ ಬೇಸ್ (ಕೆಳಗಿನ ಸ್ವರದ ದೊಡ್ಡ ತಂತಿವಾದ್ಯ) ಏನೋ ಪ್ರಶ್ನೆ ಕೇಳುತ್ತದೆ, ಉಳಿದವರು ಎರಡೇ ಸ್ವರದಲ್ಲಿ ಹೂಂ ಅಂತಾರೆ. ಒಂದೂವರೆ ನಿಮಿಷದ ಹತ್ತಿರ ಡೇವಿಸ್ ಟ್ರಂಪೆಟ್ ಎತ್ತಿಕೊಂಡ ಕ್ಷಣಕ್ಕೇ ಡ್ರಮ್ಸ್ ನುಡಿಸುವ ಜಿಮ್ಮಿ ಕಾಬ್ ಸಿಂಬಲ್ ಎಂಬ ಲೋಹದ ತಟ್ಟೆಯ ಮೇಲೆ ಒಂದು ಪೆಟ್ಟು ಹಾಕುತ್ತಾರೆ. ಅಲ್ಲಿಯವರೆಗಿನ ಮೆತ್ತಗಿನ ಆಟಕ್ಕೆ ಅದು ಸ್ವಲ್ಪ ಜೋರೇ. ಆದರೂ ಅದರ ಗುಂಯ್ ಅನ್ನೋ ಸದ್ದು ಆರುವವರೆಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಒಂದು ತಮಾಷೆ ಗೊತ್ತಾ? ಮೊದಲ ದಿನ ರೆಕಾರ್ಡ್ ಮಾಡುವಾಗ ಟೇಪ್ ಮಷೀನ್ ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದಲ್ಲಿ ಹಾಕಿದಾಗ ಎಲ್‌ಪಿಯ ಮೊದಲ ಬದಿಯ ಮೂರೂ ತುಣುಕು ಶ್ರುತಿಯಲ್ಲಿ ತುಸು ಏರಿ ಬಿಟ್ಟಿದ್ದವು. ಸರಿಪಡಿಸಿದ್ದು 1990ರ ದಶಕದ ಮರುಮುದ್ರಣದಲ್ಲಿ. ಅಷ್ಟು ವರ್ಷ ಜನ ಅದರ ಜೊತೆ ನುಡಿಸಿ ಕಲಿಯುತ್ತಾ, ತಮ್ಮ ವಾದ್ಯದ ಶ್ರುತಿಯೇ ಸರಿಯಿಲ್ಲ ಅಂತ ಅನುಮಾನ ಪಟ್ಟಿರಬೇಕು ಪಾಪ.

'ಕಾಲ್ ಆಫ್ ದ ವ್ಯಾಲಿ' (1967) ಬಗ್ಗೆ ನನ್ನ ಮನಸ್ಸು ಎರಡಾಗಿದೆ. ಶಿವಕುಮಾರ್ ಶರ್ಮಾ ಅವರ ಸಂತೂರ್ (ತಂತಿಗಳನ್ನು ಕಡ್ಡಿಯಿಂದ ಬಡಿದು ನುಡಿಸುವ ವಾದ್ಯ), ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ರಾಗಗಳಲ್ಲೇ ಹೇಳುತ್ತಾರೆ, ಬೆಳಗ್ಗೆಗೆ ಆಹಿರ್ ಭೈರವ್, ಆಮೇಲೆ ಹೊತ್ತಿಗೆ ತಕ್ಕ ಹಾಗೆ ಪೀಲೂ, ಭೂಪ್, ದೇಸ್, ಪಹಾಡಿ. ಶಫಲ್ ಹಾಕಿದರೆ ಈ ಆಲ್ಬಂ ಸತ್ತೇ ಹೋಗುತ್ತದೆ, ಕುರಿ ಹೊರಡುವ ಮೊದಲೇ ಕತ್ತಲಾಗಿರುತ್ತೆ. ಸಂತೂರಿನ ಸ್ವರ ಬಿದ್ದ ಕೂಡಲೇ ಆರುತ್ತದೆ, ಕೊಳಲಿನದು ಎಳೆದಷ್ಟು ನಿಲ್ಲುತ್ತದೆ. ಒಂದು ಚುಕ್ಕೆ ಇಟ್ಟರೆ ಇನ್ನೊಂದು ಗೆರೆ ಎಳೆದ ಹಾಗೆ. ಇಲ್ಲಿಯವರೆಗೆ ಚೆನ್ನ. ನನ್ನ ತಕರಾರು ಇಷ್ಟೇ, ರಾಗ ಇನ್ನೇನು ಬಿಚ್ಚಿಕೊಳ್ಳುತ್ತಿದೆ ಅನ್ನುವಾಗ ಮುಗಿದಿರುತ್ತದೆ. ಒಂದು ಗಂಟೆ ಒಂದೇ ರಾಗ ಕೇಳಿ ರೂಢಿಯಾದವರಿಗೆ ಇದು ಅರ್ಧಕ್ಕೇ ಎಬ್ಬಿಸಿದ ಹಾಗೆ. ಶಾಸ್ತ್ರೀಯ ಸಂಗೀತ ಗೊತ್ತೇ ಇಲ್ಲ ಅನ್ನುವ ಸ್ನೇಹಿತರಿಗೆ ಮಾತ್ರ ನಾನು ಮೊದಲು ಇದನ್ನೇ ಕೇಳಿಸೋದು.

ಕೊನೆಗೆ ಇಂಗ್ಲಿಷ್ ಗಾಯಕ ನಿಕ್ ಡ್ರೇಕ್‌ನ 'ಪಿಂಕ್ ಮೂನ್', 1972. ಹನ್ನೊಂದು ಹಾಡು, ಒಟ್ಟು 28 ನಿಮಿಷ. ಇದಕ್ಕೆ ಮುಂಚಿನ ಎರಡು ಆಲ್ಬಂನಲ್ಲಿ ಪಿಟೀಲುಗಳು, ಬ್ಯಾಂಡು ಎಲ್ಲ ಇತ್ತು. ಇದರಲ್ಲಿ ಒಂದು ಗಿಟಾರ್, ಒಂದು ದನಿ, ಮೊದಲ ಹಾಡಿನಲ್ಲಿ ಮಾತ್ರ ನಾಲ್ಕು ಹನಿ ಪಿಯಾನೋ. ಎರಡು ರಾತ್ರಿಯಲ್ಲಿ ಮುಗಿಸಿದ್ದು. ಒಂದು ಹಾಡಿನಲ್ಲಿ ಚಿಕ್ಕದೊಂದು ಗಿಟಾರ್ ತುಣುಕು ಸುತ್ತಿ ಸುತ್ತಿ ಬರುತ್ತದೆ, ಮಾತು ನಾಲ್ಕೇ ಸಾಲು, ಉಳಿದದ್ದು ಗುನುಗು. ಬೆರಳು ತಂತಿ ಮೇಲೆ ಜಾರುವ ಸದ್ದೂ ಕೇಳಿಸುತ್ತದೆ. ಎರಡು ವರ್ಷಕ್ಕೆ, 26ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ. ಹಾಗಾಗಿ ಎಲ್ಲರೂ ಇದನ್ನು ದುಃಖದ ಆಲ್ಬಂ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಯಾಕೆಂದರೆ ಯಾವತ್ತೂ ಅರ್ಧಕ್ಕಿಂತ ಮುಂದೆ ಹೋಗಿರಲಿಲ್ಲ. ಕೊನೆಯ ಹಾಡು ಬೆಳಗಿನ ಹಾಡು. ಗಿಟಾರ್ ಹಗುರಾಗಿ ಓಡುತ್ತದೆ, ದನಿಯಲ್ಲೂ ಬೆಳಕಿದೆ. ಹತ್ತು ಹಾಡು ದಾಟಿ ಬಂದವರಿಗೆ ಮಾತ್ರ ಅದು ಹಾಗೆ ಕೇಳಿಸೋದು. ಅದು ಮುಗಿದ ಮರುಕ್ಷಣ ಆ್ಯಪ್ ಯಾರದ್ದೋ ಕುಣಿತದ ಹಾಡು ಶುರು ಮಾಡಿತು. ಆಟೋಪ್ಲೇ ಆಫ್ ಮಾಡಿದ್ದು ಅವತ್ತೇ.

ಐದರಲ್ಲಿ ಯಾವುದರಿಂದ ಶುರು ಮಾಡಲಿ ಅಂದರೆ, 'ಪಿಂಕ್ ಮೂನ್' ಹಾಕಿ. 28 ನಿಮಿಷ ತಾನೆ. 'ಕೋಲ್ನ್'ಗೆ ಮಾತ್ರ ಹೆಡ್‌ಫೋನ್ ಬೇಕೇ ಬೇಕು. ಶುರುವಿನ ಆ ನಗು ನಿಮಗೂ ಕೇಳಿಸಿತಾ ಅಂತ ಬಂದು ಹೇಳಿ.