ಕೊಟ್ಟ ಬೋನಸ್ಸು ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಸ್ಯಾಲರಿ ಕ್ಯಾಪ್ (ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ತೋರಿಸಬಹುದಾದ ಖರ್ಚಿನ ಮಿತಿ) ಮತ್ತು ಆಟಗಾರರ ಒಪ್ಪಂದಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರ: ಎಲ್ಲ ತಂಡಗಳಿಗೂ ಒಂದೇ ಮಿತಿ, 2025ಕ್ಕೆ 27.92 ಕೋಟಿ ಡಾಲರ್. ಆದರೂ ಕೆಲವು ತಂಡಗಳು ಅದನ್ನು ಮೀರಿ ನಗದು ಹಂಚುತ್ತವಲ್ಲ, ಹೇಗೆ?

ಉ: ಮಿತಿ ಇರುವುದು ಲೆಕ್ಕಪುಸ್ತಕಕ್ಕೆ, ನಗದಿಗಲ್ಲ. ಮೂಲ ಸಂಬಳ ಆಯಾ ವರ್ಷವೇ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಸಹಿ ಹಾಕಿದಾಗ ಕೊಡುವ ಸೈನಿಂಗ್ ಬೋನಸ್ಸನ್ನು ಮಾತ್ರ ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಬಹುದು, ಅದೂ ಹೆಚ್ಚೆಂದರೆ ಐದು ವರ್ಷಕ್ಕೆ.

ಒಂದು ಒಪ್ಪಂದವನ್ನೇ ಬಿಡಿಸಿ ನೋಡೋಣ. ನಾಲ್ಕು ವರ್ಷಕ್ಕೆ 6 ಕೋಟಿ ಡಾಲರ್. ಅದರಲ್ಲಿ ಸೈನಿಂಗ್ ಬೋನಸ್ 2.4 ಕೋಟಿ, ಮೂಲ ಸಂಬಳ ಕ್ರಮವಾಗಿ 20 ಲಕ್ಷ, 80 ಲಕ್ಷ, 1.2 ಕೋಟಿ, 1.4 ಕೋಟಿ. ಬೋನಸ್ಸಿನ ಪಾಲು ವರ್ಷಕ್ಕೆ 60 ಲಕ್ಷ. ಹಾಗಾಗಿ ಕ್ಯಾಪ್ ಲೆಕ್ಕ 80 ಲಕ್ಷ, 1.4 ಕೋಟಿ, 1.8 ಕೋಟಿ, 2 ಕೋಟಿ ಆಗುತ್ತದೆ. ಮೊದಲ ವರ್ಷ ಆಟಗಾರನ ಕೈಗೆ ಬಂದದ್ದು 2.6 ಕೋಟಿ, ಪುಸ್ತಕದಲ್ಲಿ ಕಾಣುವುದು 80 ಲಕ್ಷ ಮಾತ್ರ. ಉಳಿದ 1.8 ಕೋಟಿ ಮುಂದಿನ ವರ್ಷಗಳ ಹೆಗಲ ಮೇಲೆ ಕೂತಿರುತ್ತದೆ.

ಪ್ರ: ‘ಒಪ್ಪಂದ ರಿಸ್ಟ್ರಕ್ಚರ್ ಮಾಡಿ (ಮರುಹೊಂದಿಸಿ) ಮಿತಿಯಲ್ಲಿ ಜಾಗ ಮಾಡಿಕೊಂಡರು’ ಎಂದು ಪ್ರತಿ ಮಾರ್ಚ್‌ನಲ್ಲೂ ಓದುತ್ತೇವೆ. ಆಟಗಾರ ಸಂಬಳ ಬಿಟ್ಟುಕೊಡುತ್ತಾನೆಯೇ?

ಉ: ಒಂದು ಡಾಲರನ್ನೂ ಬಿಡುವುದಿಲ್ಲ, ಬದಲಿಗೆ ಅವನಿಗೆ ದುಡ್ಡು ಬೇಗ ಸಿಗುತ್ತದೆ. ಎಷ್ಟೋ ಒಪ್ಪಂದಗಳಲ್ಲಿ ಅವನ ಸಹಿಯನ್ನೂ ಕೇಳದೆ ತಂಡವೇ ಇದನ್ನು ಮಾಡಿಕೊಳ್ಳುವ ಹಕ್ಕು ಬರೆದಿರುತ್ತಾರೆ. ಅನುಭವಕ್ಕೆ ತಕ್ಕ ಕನಿಷ್ಠ ಸಂಬಳವನ್ನಷ್ಟೇ ಉಳಿಸಿ (ಏಳು ವರ್ಷ ಆಡಿದವನಿಗೆ 2025ರಲ್ಲಿ 12.55 ಲಕ್ಷ), ಮಿಕ್ಕದ್ದನ್ನು ಬೋನಸ್ಸಾಗಿ ಬದಲಿಸಬಹುದು.

ಮೇಲಿನ ಒಪ್ಪಂದದ ಮೂರನೇ ವರ್ಷಕ್ಕೆ ಬನ್ನಿ. 1.2 ಕೋಟಿ ಸಂಬಳದಲ್ಲಿ 1 ಕೋಟಿಯನ್ನು ಬೋನಸ್ ಮಾಡಿದರೆ, ಉಳಿದ ಎರಡು ವರ್ಷಕ್ಕೆ ತಲಾ 50 ಲಕ್ಷ. ಆ ವರ್ಷದ ಲೆಕ್ಕ 1.8 ಕೋಟಿಯಿಂದ 1.3 ಕೋಟಿಗೆ ಇಳಿಯುತ್ತದೆ, ನಾಲ್ಕನೆಯದು 2 ಕೋಟಿಯಿಂದ 2.5 ಕೋಟಿಗೆ ಏರುತ್ತದೆ. ಇಳಿದದ್ದೆಷ್ಟೋ ಏರಿದ್ದೂ ಅಷ್ಟೇ.

ಇನ್ನೂ ಜಾಗ ಬೇಕೆಂದರೆ ಕೊನೆಗೆ ಮೂರು ‘ವಾಯ್ಡ್’ ವರ್ಷಗಳನ್ನು ಸೇರಿಸುತ್ತಾರೆ. ಆ ವರ್ಷಗಳಲ್ಲಿ ಆಟಗಾರ ಆಡುವುದಿಲ್ಲ. ಬೋನಸ್ ಹಂಚಲು ಮಾತ್ರ ಅವು ಬೇಕು. ಆಗ 1 ಕೋಟಿ ಐದು ಭಾಗವಾಗಿ ವರ್ಷಕ್ಕೆ 20 ಲಕ್ಷ ಬೀಳುತ್ತದೆ, ಮೂರನೇ ವರ್ಷದ ಲೆಕ್ಕ ಸರಿಯಾಗಿ 1 ಕೋಟಿಗೆ ನಿಲ್ಲುತ್ತದೆ. ಆದರೆ ಒಪ್ಪಂದ ಮುಗಿದ ಕೂಡಲೇ ಆ ಮೂರು ವರ್ಷಗಳ 60 ಲಕ್ಷ ಒಟ್ಟಿಗೇ ಐದನೇ ವರ್ಷದ ಮೇಲೆ ಬಂದು ಬೀಳುತ್ತದೆ. ಅಷ್ಟು ಹೊತ್ತಿಗೆ ಆಟಗಾರ ಬೇರೆ ತಂಡದ ಜೆರ್ಸಿ ತೊಟ್ಟಿರಬಹುದು.

ನಮ್ಮ ಅಭಿಪ್ರಾಯ ಇಷ್ಟು: ಇಪ್ಪತ್ತೇಳು ವಯಸ್ಸಿನ ಕ್ವಾರ್ಟರ್‌ಬ್ಯಾಕ್‌ಗೆ (ಚೆಂಡು ಎಸೆದು ದಾಳಿ ನಡೆಸುವವನಿಗೆ) ಇದನ್ನು ಧೈರ್ಯವಾಗಿ ಮಾಡಿ, ಅವನು ಇನ್ನೂ ಹಲವು ವರ್ಷ ನಿಮ್ಮಲ್ಲೇ ಇರುತ್ತಾನೆ. ಮೂವತ್ತರ ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡಿದು ಓಡುವವನಿಗೆ) ಮಾಡಬೇಡಿ. ಮಿತಿ ವರ್ಷವರ್ಷವೂ ಏರುತ್ತದೆ ಎಂಬ ನಂಬಿಕೆಯೂ ಒಮ್ಮೆ ಕೈಕೊಟ್ಟಿದೆ. ಕೋವಿಡ್‌ನಿಂದ ಆದಾಯ ಕುಸಿದು 2020ರ 19.82 ಕೋಟಿಯ ಮಿತಿ 2021ರಲ್ಲಿ 18.25 ಕೋಟಿಗೆ ಇಳಿಯಿತು. ಹಳೆಯ ಭಾರವನ್ನೆಲ್ಲ ಆ ವರ್ಷಕ್ಕೆ ತಳ್ಳಿದ್ದ ತಂಡಗಳು ಒಳ್ಳೆಯ ಆಟಗಾರರನ್ನೇ ಬಿಡಬೇಕಾಯಿತು.

ಪ್ರ: ಆಟಗಾರನನ್ನು ಬಿಟ್ಟುಬಿಟ್ಟರೆ ಅವನ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲವೇ?

ಉ: ಗ್ಯಾರಂಟಿ ಇಲ್ಲದ ಸಂಬಳ ಮುಗಿಯುತ್ತದೆ. ಕೊಟ್ಟಾಗಿರುವ ಬೋನಸ್ಸಿನ ಹಂಚದೆ ಉಳಿದ ಭಾಗ ಒಮ್ಮೆಲೇ ಬಂದು ಎರಗುತ್ತದೆ. ‘ಡೆಡ್ ಮನಿ’ ಎನ್ನುವುದು ಇದನ್ನೇ. ಮೂಲ ಒಪ್ಪಂದವನ್ನೇ ಹಿಡಿಯಿರಿ. ಮೊದಲ ವರ್ಷದ ನಂತರ ಬಿಟ್ಟರೆ 1.8 ಕೋಟಿ ಡೆಡ್ ಮನಿ. ಇಟ್ಟುಕೊಂಡಿದ್ದರೆ ಆ ವರ್ಷಕ್ಕೆ 1.4 ಕೋಟಿ ಸಾಕಿತ್ತು, ಅಂದರೆ ಬಿಟ್ಟದ್ದಕ್ಕೆ 40 ಲಕ್ಷ ಹೆಚ್ಚುವರಿ. ಎರಡನೇ ವರ್ಷದ ನಂತರವಾದರೆ 1.2 ಕೋಟಿ ಡೆಡ್ ಮನಿ, 60 ಲಕ್ಷ ಉಳಿತಾಯ.

ಇಲ್ಲಿ ಜೂನ್ 1ರ ನಿಯಮ ಉಪಯೋಗಕ್ಕೆ ಬರುತ್ತದೆ. ತಂಡವೊಂದು ವರ್ಷಕ್ಕೆ ಇಬ್ಬರನ್ನು ಮಾರ್ಚ್‌ನಲ್ಲೇ ಬಿಟ್ಟು, ‘ಜೂನ್ 1ರ ನಂತರ’ ಬಿಟ್ಟಂತೆ ಗುರುತಿಸಬಹುದು. ಆಗ ಡೆಡ್ ಮನಿ ಎರಡು ವರ್ಷಕ್ಕೆ ಹಂಚಿಹೋಗುತ್ತದೆ: ಎರಡನೇ ವರ್ಷದ ನಂತರ ಬಿಟ್ಟ ಈ ಉದಾಹರಣೆಯಲ್ಲಿ ಆ ವರ್ಷದ 60 ಲಕ್ಷ ಮಾತ್ರ ಈಗ, ಉಳಿದ 60 ಲಕ್ಷ ಮುಂದಿನ ವರ್ಷಕ್ಕೆ. ತೊಡಕು ಏನೆಂದರೆ ಜೂನ್ 2ರವರೆಗೆ ಮೂರನೇ ವರ್ಷದ ಕ್ಯಾಪ್ ಲೆಕ್ಕವಾದ ಪೂರ್ತಿ 1.8 ಕೋಟಿ ಪುಸ್ತಕದಲ್ಲೇ ಇರುತ್ತದೆ. ಮಾರ್ಚ್ ಮಧ್ಯದ ಫ್ರೀ ಏಜೆನ್ಸಿಗೆ (ಒಪ್ಪಂದ ಮುಗಿದ ಆಟಗಾರರನ್ನು ಕೊಳ್ಳುವ ಅವಧಿಗೆ) ಆ ಜಾಗ ಒದಗುವುದಿಲ್ಲ; ಹೊಸಬರ ಸಹಿಗೋ ಸೀಸನ್ನಿನ ಖರ್ಚಿಗೋ ಆದೀತು.

ಬಿಡುವ ಮುನ್ನ ಗ್ಯಾರಂಟಿ ಯಾವ ದಿನ ಜಾರಿಗೆ ಬರುತ್ತದೆಂದು ನೋಡಲೇಬೇಕು. ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರ 2025ರ 3.7 ಕೋಟಿ ಸಂಬಳ 2024ರ ಲೀಗ್ ವರ್ಷದ (ಅದು ಮಾರ್ಚ್ ಮಧ್ಯದಲ್ಲಿ ಶುರುವಾಗುತ್ತದೆ) ಐದನೇ ದಿನಕ್ಕೆ ಗ್ಯಾರಂಟಿ ಆಗುವುದಿತ್ತು. ಡೆನ್ವರ್ ಬ್ರಾಂಕೋಸ್ ಅದಕ್ಕೆ ಮೊದಲೇ ಅವರನ್ನು ಬಿಟ್ಟಿತು. ಆದರೂ ಸುಮಾರು 8.5 ಕೋಟಿ ಡೆಡ್ ಮನಿ ತಲೆಗೆ ಬಂತು: 2024ಕ್ಕೆ ಸುಮಾರು 5.3 ಕೋಟಿ, ಉಳಿದದ್ದು 2025ಕ್ಕೆ. 2024ಕ್ಕೆ ಅವರಿಗೆ 3.9 ಕೋಟಿ ಗ್ಯಾರಂಟಿ ಇತ್ತು. ಒಪ್ಪಂದದಲ್ಲಿ ‘ಆಫ್‌ಸೆಟ್’ ಷರತ್ತು ಇದ್ದುದರಿಂದ ಹೊಸ ತಂಡ ಕೊಟ್ಟದ್ದಷ್ಟು ಡೆನ್ವರ್‌ಗೆ ಕಡಿತವಾಗಬೇಕಿತ್ತು. ಅವರ ಹೊಸ ತಂಡ ಪಿಟ್ಸ್‌ಬರ್ಗ್ ಕೊಟ್ಟದ್ದು ಕನಿಷ್ಠ ಸಂಬಳ, 12.1 ಲಕ್ಷ. ಮಿಕ್ಕದ್ದೆಲ್ಲ ಡೆನ್ವರ್ ತೆತ್ತಿತು.

ಪ್ರ: ಬಿಡುವ ಬದಲು ಟ್ರೇಡ್ ಮಾಡಿದರೆ (ಬೇರೆ ತಂಡಕ್ಕೆ ವರ್ಗಾಯಿಸಿದರೆ) ಬೋನಸ್ಸೂ ಜೊತೆಗೆ ಹೋಗುತ್ತದೆಯೇ?

ಉ: ಇಲ್ಲ. ಸಂಬಳ ಹೊಸ ತಂಡಕ್ಕೆ, ಕೊಟ್ಟಾಗಿರುವ ಬೋನಸ್ಸಿನ ಉಳಿಕೆ ಹಳೆಯ ತಂಡಕ್ಕೆ. ಜೂನ್ 1ರ ಗುರುತೂ ಟ್ರೇಡ್‌ಗೆ ಸಿಗುವುದಿಲ್ಲ; ಉಳಿಕೆಯನ್ನು ಎರಡು ವರ್ಷಕ್ಕೆ ಹಂಚಬೇಕಾದರೆ ಟ್ರೇಡ್ ನಿಜವಾಗಿಯೂ ಆ ದಿನಾಂಕ ದಾಟಿಯೇ ಆಗಬೇಕು.

ಪ್ರ: ‘70 ಕ್ಯಾಚ್ ಹಿಡಿದರೆ 10 ಲಕ್ಷ’ ಎಂಬಂಥ ಷರತ್ತು ಯಾವಾಗ ಲೆಕ್ಕಕ್ಕೆ ಬರುತ್ತದೆ?

ಉ: ಅಳತೆಗೋಲು ಹಿಂದಿನ ಸೀಸನ್. ಕಳೆದ ಸಲ 62 ಹಿಡಿದವನಿಗೆ 60ರ ಗುರಿ ಇಟ್ಟರೆ ಅದು ‘ಸಾಧ್ಯ’ದ ಪಟ್ಟಿಗೆ ಸೇರಿ ಈಗಲೇ ಮಿತಿಯಲ್ಲಿ ಜಾಗ ತಿನ್ನುತ್ತದೆ. 70 ಇಟ್ಟರೆ ಈಗ ಸೊನ್ನೆ, ಮುಟ್ಟಿದರೆ ಮುಂದಿನ ವರ್ಷದ ಮಿತಿಯಿಂದ ಕಡಿತ. ಗಾಯಗೊಳ್ಳುವ ಆಟಗಾರನಿಗೆ ಪ್ರತಿ ಪಂದ್ಯಕ್ಕೆ ಇಷ್ಟು ಎಂಬ ರೋಸ್ಟರ್ ಬೋನಸ್ ನಮಗೆ ಇಷ್ಟವಾದ ದಾರಿ. ಕಳೆದ ವರ್ಷ 17ರಲ್ಲಿ 10 ಪಂದ್ಯ ಆಡಿದ್ದರೆ ಹತ್ತರದ್ದು ಮಾತ್ರ ಈಗ ಲೆಕ್ಕಕ್ಕೆ ಬರುತ್ತದೆ, ಆಡದ ಪಂದ್ಯಕ್ಕೆ ದುಡ್ಡೂ ಹೋಗುವುದಿಲ್ಲ.

ಪ್ರ: ಬೇಸಿಗೆಯಲ್ಲಿ 90 ಆಟಗಾರರಿರುತ್ತಾರೆ. ಅಷ್ಟೂ ಜನರ ಸಂಬಳ ಮಿತಿಯೊಳಗೆ ಹೇಗೆ ಹಿಡಿಯುತ್ತದೆ?

ಉ: ಸೀಸನ್ ಶುರುವಾಗುವವರೆಗೆ ಕ್ಯಾಪ್ ಲೆಕ್ಕ ಅತಿ ಹೆಚ್ಚಿರುವ 51 ಮಂದಿ, ಜೊತೆಗೆ ಉಳಿದವರ ಬೋನಸ್ ಪಾಲು ಮತ್ತು ಡೆಡ್ ಮನಿ ಮಾತ್ರ ಎಣಿಕೆಗೆ ಬರುತ್ತವೆ. 50 ಲಕ್ಷದ ಒಬ್ಬನನ್ನು ತಂದರೆ 9.6 ಲಕ್ಷದ 51ನೆಯವನು ಪಟ್ಟಿಯಿಂದ ಕೆಳಗೆ ಜಾರುತ್ತಾನೆ, ನಿಜವಾಗಿ ತಗಲುವುದು 40.4 ಲಕ್ಷ. ಸೆಪ್ಟೆಂಬರ್‌ನಲ್ಲಿ ಈ ಸಡಿಲಿಕೆ ಹೋಗುತ್ತದೆ. 53 ಜನರ ತಂಡ, ಗಾಯಾಳುಗಳ ಪಟ್ಟಿ, ಪ್ರಾಕ್ಟೀಸ್ ಸ್ಕ್ವಾಡ್ (ಅಭ್ಯಾಸಕ್ಕೆ ಇಟ್ಟುಕೊಂಡ ಮೀಸಲು ಆಟಗಾರರು) ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. 2025ರಲ್ಲಿ ಪ್ರಾಕ್ಟೀಸ್ ಸ್ಕ್ವಾಡ್‌ನ ಹೊಸಬನಿಗೆ ವಾರಕ್ಕೆ 13,000 ಡಾಲರ್. 16 ಜನ, 18 ವಾರ ಎಂದರೆ 37 ಲಕ್ಷ ದಾಟುತ್ತದೆ. ಗಾಯಗೊಂಡವನ ಸಂಬಳ ನಿಲ್ಲುವುದಿಲ್ಲ, ಅವನ ಬದಲಿಗೆ ಬಂದವನದ್ದು ಮೇಲೆ ಸೇರುತ್ತದೆ. ಹಾಗಾಗಿ ಆಗಸ್ಟ್ ಕೊನೆಗೆ ಕಡಿಮೆಯೆಂದರೂ 80 ಲಕ್ಷದಿಂದ 1 ಕೋಟಿ ಜಾಗ ಮುಟ್ಟದೆ ಉಳಿಸಿಕೊಳ್ಳಿ. ಖರ್ಚಾಗದಿದ್ದರೆ ಲೀಗ್‌ಗೆ ಬರೆದು ತಿಳಿಸಿ, ಅಷ್ಟನ್ನೂ ಮುಂದಿನ ವರ್ಷದ ಮಿತಿಗೆ ಸೇರಿಸಿಕೊಳ್ಳಬಹುದು.