ಏಳನೇ ಜನರೇಶನ್ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಕೊಳ್ಳಬಹುದೇ?

ನೀವು ಕೇಳಿರುವುದು ಇಷ್ಟು: ಡಿಟಿಪಿ ಅಂಗಡಿಯ ಲ್ಯಾಪ್‌ಟಾಪ್ ಇಂಟೆಲ್ ಐ5-7200ಯು (ಏಳನೇ ಜನರೇಶನ್ ಪ್ರೊಸೆಸರ್), 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಟ್ಯಾಲಿ, ನುಡಿ ಎರಡೂ ಅದರಲ್ಲೇ ಇವೆ. ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಕೊಟ್ಟರೆ ಈ ಪಿಸಿಗೆ ಆಗುವುದಿಲ್ಲ ಎನ್ನುತ್ತದೆ, ಸರ್ವಿಸ್‌ನವರು ಹೊಸದು ತಗೊಳ್ಳಿ ಎನ್ನುತ್ತಾರೆ. ಮೂಲೆಯಲ್ಲಿ ಕೂತಿರುವ ಕೋರ್ 2 ಡ್ಯುಯೊ ಡೆಸ್ಕ್‌ಟಾಪ್‌ಗೂ ಹಾಕಬಹುದಾ ಅಂತ ಕೊನೆಯಲ್ಲಿ ಸೇರಿಸಿದ್ದೀರಿ.

ಲ್ಯಾಪ್‌ಟಾಪ್‌ಗೆ ಹಾಕಬಹುದು, ಚೆನ್ನಾಗಿಯೇ ನಡೆಯುತ್ತದೆ. ಡೆಸ್ಕ್‌ಟಾಪ್‌ಗೆ ಆಗುವುದಿಲ್ಲ, ಅದಕ್ಕೆ ಕೈ ಹಾಕಬೇಡಿ. ನಾನು ತುಮಕೂರು ಕಡೆ ಅಂಗಡಿ, ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಕಳೆದ ವರ್ಷದಿಂದ ನನಗೆ ಹೆಚ್ಚು ಬರುತ್ತಿರುವುದು ಇದೇ ಪ್ರಶ್ನೆ. ಬಂದವರಿಗೆಲ್ಲ ಮೊದಲು ಕೇಳುವುದು ಒಂದೇ: ನಿಮ್ಮ ಮಿಷಿನ್‌ನಲ್ಲಿ ನಿಜಕ್ಕೂ ಯಾವುದು ಇಲ್ಲ? ಯಾಕೆಂದರೆ ತೆರೆಯ ಮೇಲೆ ಬರುವ ಎಚ್ಚರಿಕೆ ಒಂದೇ ಆದರೂ ಕಾರಣ ಬೇರೆ ಬೇರೆ ಇರುತ್ತದೆ.

ನಿಮ್ಮ 7200ಯು ವಿಷಯದಲ್ಲಿ ಕೊರತೆ ಇರುವುದು ಮೈಕ್ರೋಸಾಫ್ಟ್ ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಮಾತ್ರ. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಇಂಟೆಲ್‌ನಲ್ಲಿ ಎಂಟನೇ ಜನರೇಶನ್, ಎಎಂಡಿಯಲ್ಲಿ ರೈಜನ್ 2000 ಸರಣಿ, ಅಲ್ಲಿಂದ ಮುಂದಿನದಕ್ಕೆ ಮಾತ್ರ ಬೆಂಬಲ ಎಂದು ಮೈಕ್ರೋಸಾಫ್ಟ್ ಗೆರೆ ಎಳೆಯಿತು. 7200ಯು ಬಂದದ್ದು 2016ರಲ್ಲಿ. ಮುಂದಿನ ವರ್ಷವೇ ಬಂದ ಎಂಟನೇ ಜನರೇಶನ್‌ನ 8250ಯು ಪಟ್ಟಿಯಲ್ಲಿದೆ. ಅದರಲ್ಲಿ ಎರಡರ ಬದಲು ನಾಲ್ಕು ಕೋರ್ ಇದೆ ಅನ್ನುವುದು ನಿಜ, ಆದರೆ ಒಳಗಿನ ವಿನ್ಯಾಸ ಹೆಚ್ಚುಕಡಿಮೆ ಅದೇ. ಏಳನೇ ಜನರೇಶನ್‌ನ ಐ7-7820ಎಚ್‌ಕ್ಯೂ ಎಂಬ ಒಂದು ಚಿಪ್‌ಗೆ ವಿನಾಯಿತಿಯೂ ಸಿಕ್ಕಿತು. ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು ಅದೇ ಚಿಪ್. ಹಾಗಂತ ಗೆರೆಗೆ ಅರ್ಥವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅರ್ಹತೆ ಇಲ್ಲದ ಮಿಷಿನ್‌ಗಳಲ್ಲಿ ಕರ್ನಲ್ ಮಟ್ಟದ (ವಿಂಡೋಸ್‌ನ ತಿರುಳಿನಲ್ಲೇ ಆಗುವ) ಕ್ರ್ಯಾಶ್ ಶೇ. 52ರಷ್ಟು ಹೆಚ್ಚು ಕಂಡಿತು ಎಂದು ಮೈಕ್ರೋಸಾಫ್ಟ್ 2021ರ ಆಗಸ್ಟ್‌ನಲ್ಲಿ ಬರೆದಿತ್ತು. ಆದರೆ ಆ ಲೆಕ್ಕದಲ್ಲಿ ಎಲ್ಲ ಬಗೆಯ ಹಳೆಯ ಮಿಷಿನ್‌ಗಳೂ ಸೇರಿವೆ. ಡ್ರೈವರ್ ಸರಿಯಾಗಿ ಇರುವ ಆರು, ಏಳನೇ ಜನರೇಶನ್ ಲ್ಯಾಪ್‌ಟಾಪ್‌ಗಳಲ್ಲಿ ನಾನು ಅಂಥ ತೊಂದರೆ ನೋಡಿಲ್ಲ.

ಎರಡನೇ ಕೊರತೆ ಟಿಪಿಎಂ. ಡೇಟಾವನ್ನು ಬೇರೆಯವರು ಓದಲಾಗದಂತೆ ಗೂಢಗೊಳಿಸುವ ಎನ್‌ಕ್ರಿಪ್ಶನ್ ಕೀಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಭಾಗ ಅದು. ತುಂಬಾ ಜನ ನಮ್ಮದರಲ್ಲಿ ಇಲ್ಲ ಎಂದುಕೊಂಡಿರುತ್ತಾರೆ, ಬಹಳ ಸಲ ಅದು ಇದ್ದು ಆಫ್ ಆಗಿರುತ್ತದೆ ಅಷ್ಟೇ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಸಣ್ಣ ಪೆಟ್ಟಿಗೆಯಲ್ಲಿ ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಿ. ಸ್ಪೆಸಿಫಿಕೇಶನ್ ವರ್ಶನ್ 2.0 ಎಂದು ಬಂದರೆ ಇದೆ ಎಂದರ್ಥ. ಕಂಪ್ಯಾಟಿಬಲ್ ಟಿಪಿಎಂ ಸಿಗಲಿಲ್ಲ ಎಂದು ಬಂದರೆ ನಿರಾಶರಾಗಬೇಡಿ, ಬಯಾಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್) ಒಳಗೆ ಹೋಗಿ. ಅಲ್ಲಿ ಟಿಪಿಎಂ ಎಂಬ ಹೆಸರನ್ನೇ ಹುಡುಕುತ್ತಾ ಕೂತರೆ ಸಿಗದೇ ಇರಬಹುದು. ಇಂಟೆಲ್ ಮಿಷಿನ್‌ಗಳಲ್ಲಿ ಪಿಟಿಟಿ ಅಥವಾ ಪ್ಲಾಟ್‌ಫಾರ್ಮ್ ಟ್ರಸ್ಟ್ ಟೆಕ್ನಾಲಜಿ ಎಂದಿರುತ್ತದೆ, ಎಎಂಡಿಯಲ್ಲಿ ಎಫ್‌ಟಿಪಿಎಂ, ಕೆಲವು ಕಂಪನಿಗಳಲ್ಲಿ ಬರೀ ಸೆಕ್ಯುರಿಟಿ ಡಿವೈಸ್ ಸಪೋರ್ಟ್. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಸಿಗುತ್ತದೆ. ಅದನ್ನು ಎನೇಬಲ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ, ಮತ್ತೆ ನೋಡಿ. ನಿಮ್ಮ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಇದು ಬಹುತೇಕ ಇರುತ್ತದೆ. ಹೊರಗಿನ ಉಪಾಯದಿಂದ ಟಿಪಿಎಂ ತಪಾಸಣೆಯನ್ನು ದಾಟಬಹುದು ನಿಜ, ಆದರೆ ಇರುವುದನ್ನು ಆನ್ ಮಾಡಿಕೊಂಡರೆ ಅದರ ರಕ್ಷಣೆಯೂ ನಿಮಗೆ ಸಿಗುತ್ತದೆ.

ಮೂರನೆಯದನ್ನು ಯಾವ ಉಪಾಯವೂ ದಾಟಿಸುವುದಿಲ್ಲ. ನಿಮ್ಮ ಕೋರ್ 2 ಡ್ಯುಯೊ ಸಿಕ್ಕಿಕೊಳ್ಳುವುದು ಅಲ್ಲೇ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ವಿಂಡೋಸ್ 11ಕ್ಕೆ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ 4.2 ಎಂಬ ಸೂಚನೆಗಳು ಇರಲೇಬೇಕು. ಪಾಪ್‌ಕೌಂಟ್ ಎಂದರೆ ಒಂದು ಸಂಖ್ಯೆಯ ಬೈನರಿ ರೂಪದಲ್ಲಿ ಎಷ್ಟು ಒಂದುಗಳಿವೆ ಎಂದು ಒಂದೇ ಏಟಿಗೆ ಎಣಿಸುವ ಸೂಚನೆ. ಇಂಟೆಲ್ ಇದನ್ನು ತಂದದ್ದು 2008ರ ಕೊನೆಯಲ್ಲಿ ಬಂದ ಮೊದಲ ಜನರೇಶನ್ ಕೋರ್ ಐ7 ಜೊತೆ. ಕೋರ್ 2 ಡ್ಯುಯೊ ಅದಕ್ಕಿಂತ ಹಿಂದಿನದು. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಬದಲಿಸಿದರೆ ಇನ್‌ಸ್ಟಾಲರ್ ಕೇಳುವ ಪ್ರಶ್ನೆಯನ್ನು ತಪ್ಪಿಸಬಹುದು, ಚಿಪ್‌ಗೆ ಗೊತ್ತಿಲ್ಲದ ಸೂಚನೆಯನ್ನು ಕಲಿಸಲು ಆಗುವುದಿಲ್ಲ. ವಿಂಡೋಸ್ ಬೂಟ್ ಆಗುವಾಗಲೇ ನಿಂತುಬಿಡುತ್ತದೆ. ಹಳೆಯ 23ಎಚ್2 ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಹೋಮ್, ಪ್ರೊ ಎರಡಕ್ಕೂ ಆ ಆವೃತ್ತಿಯ ಅಪ್‌ಡೇಟ್ 2025ರ ನವೆಂಬರ್‌ನಲ್ಲೇ ನಿಂತಿದೆ.

ಈಗ ಲ್ಯಾಪ್‌ಟಾಪ್ ಕೆಲಸಕ್ಕೆ ಬರೋಣ. ವಿಂಡೋಸ್‌ಗಿಂತ ಮೊದಲು ಖರ್ಚು ಮಾಡಬೇಕಾದ್ದು ಎಸ್‌ಎಸ್‌ಡಿ ಮೇಲೆ, ಅಂದರೆ ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡ್ರೈವ್ ಮೇಲೆ. ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ 11 ಹಾಕಿದರೆ ಆನ್ ಮಾಡಿ ಟೀ ಕುಡಿದು ಬಂದರೂ ಡಿಸ್ಕ್ ನೂರಕ್ಕೆ ನೂರು ಓಡುತ್ತಲೇ ಇರುತ್ತದೆ, ಗಿರಾಕಿ ಎದುರು ನಿಂತಿರುತ್ತಾರೆ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 256 ಅಥವಾ 512 ಜಿಬಿ ಸಾಕು. ಇದರಲ್ಲಿ ಇನ್ನೊಂದು ದೊಡ್ಡ ಅನುಕೂಲವಿದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಪಕ್ಕಕ್ಕಿಟ್ಟು, ಹೊಸ ಎಸ್‌ಎಸ್‌ಡಿ ಮೇಲೆ ಹೊಸದಾಗಿ ವಿಂಡೋಸ್ 11 ಹಾಕಿದರೆ ನಿಮ್ಮ ಹಳೆಯ ವಿಂಡೋಸ್, ಫೈಲ್, ಎಲ್ಲವೂ ಇದ್ದ ಹಾಗೇ ಇರುತ್ತವೆ. ಏನಾದರೂ ಸರಿಹೋಗದಿದ್ದರೆ ಅದೇ ಡಿಸ್ಕ್ ವಾಪಸ್ ಹಾಕಿ ಮರುದಿನ ಬೆಳಿಗ್ಗೆ ಅಂಗಡಿ ತೆಗೆಯಬಹುದು. ಡೇಟಾ ಹೋಗುತ್ತದಾ ಎಂಬ ನಿಮ್ಮ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಡಿಸ್ಕ್ ಬಿಚ್ಚುವ ಮೊದಲು ಎರಡು ಕೆಲಸ ಮುಗಿಸಿ. ಟ್ಯಾಲಿ ಡೇಟಾ ಬ್ಯಾಕಪ್ ತೆಗೆದು, ಲೈಸೆನ್ಸ್ ಸರೆಂಡರ್ ಮಾಡಿ. ಸರೆಂಡರ್ ಆಯ್ಕೆ ಟ್ಯಾಲಿ ಒಳಗೇ ಇದೆ, ಇಂಟರ್ನೆಟ್ ಬೇಕು. ಇದನ್ನು ಮರೆತರೆ ಹೊಸ ವಿಂಡೋಸ್‌ನಲ್ಲಿ ಲೈಸೆನ್ಸ್ ಆಕ್ಟಿವೇಟ್ ಮಾಡುವಾಗ ಓಡಾಟ ಶುರುವಾಗುತ್ತದೆ. ಹಾಗೆಯೇ ನುಡಿಯ ಇನ್‌ಸ್ಟಾಲರ್ ಫೈಲ್, ಫಾಂಟ್ ಫೋಲ್ಡರ್ ಎರಡನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಅಂಗಡಿಯಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ ಪತ್ರ, ಕರಾರುಗಳು ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಇರುತ್ತವೆ. ಫಾಂಟ್ ಇಲ್ಲದೆ ತೆರೆದರೆ ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಫೈಲ್ ಕೆಟ್ಟಿತು ಎಂದು ಗಾಬರಿಯಾಗಿ ಫೋನ್ ಮಾಡಿದವರು ಇದ್ದಾರೆ. ಫಾಂಟ್ ಹಾಕಿದ ತಕ್ಷಣ ಸರಿಹೋಗುತ್ತದೆ.

ಇನ್ನು ಪೆನ್‌ಡ್ರೈವ್. ವಿಂಡೋಸ್ 11ರ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್‌ಗೆ ಬೇಕಾದ್ದೆಲ್ಲ ಇರುವ ಒಂದೇ ಫೈಲ್) ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಳ್ಳಿ, 25ಎಚ್2 ತಗೊಳ್ಳಿ. ಟೆಲಿಗ್ರಾಂನಲ್ಲಿ ಸಿಗುವ ಲೈಟ್, ಪ್ರೀ-ಆಕ್ಟಿವೇಟೆಡ್ ಎನ್ನುವ ಫೈಲ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ನಿಮ್ಮಲ್ಲಿ ಜನ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ತಂದು ಸ್ಕ್ಯಾನ್ ಮಾಡಿಸುತ್ತಾರೆ. ಯಾರೋ ಒಳಗೆ ಏನು ಸೇರಿಸಿದ್ದಾರೋ ಗೊತ್ತಿಲ್ಲದ ವಿಂಡೋಸ್ ಮೇಲೆ ಆ ಕಾಗದಗಳು ಹೋಗಬಾರದು. ಆಕ್ಟಿವೇಶನ್‌ಗೂ ಅದರ ಅಗತ್ಯವಿಲ್ಲ. ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದರೆ ಅದರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾದರೂ, ಹೋಮ್‌ಗೆ ಹೋಮ್, ಪ್ರೊಗೆ ಪ್ರೊ ಹಾಕಿದರೆ ನೆಟ್ ಸಿಕ್ಕಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಪ್ರಾಡಕ್ಟ್ ಕೀ ಕೇಳಿದಾಗ ನನ್ನ ಬಳಿ ಇಲ್ಲ ಎಂಬ ಆಯ್ಕೆ ಒತ್ತಿ ಮುಂದೆ ಹೋಗಿ.

ಐಎಸ್‌ಒ ಅನ್ನು ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಎಂಬ ಉಚಿತ ತಂತ್ರಾಂಶ ಬಳಸಿ. 16 ಜಿಬಿ ಪೆನ್‌ಡ್ರೈವ್ ತಗೊಳ್ಳಿ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ರೂಫಸ್ ಕಿಟಕಿಯಲ್ಲಿ ಪಾರ್ಟಿಶನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಸಿಸ್ಟಂ ಯುಇಎಫ್‌ಐ ಎಂದಿರಲಿ. ಸ್ಟಾರ್ಟ್ ಒತ್ತಿದಾಗ ಒಂದು ಸಣ್ಣ ಪಟ್ಟಿ ಬರುತ್ತದೆ. ಮೊದಲ ಸಾಲಿನಲ್ಲಿ 4 ಜಿಬಿ ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಡಿಕೆ ತೆಗೆದುಹಾಕು ಎಂದಿರುತ್ತದೆ, ಅದಕ್ಕೆ ಟಿಕ್ ಹಾಕಿ. ಅದೇ ಪಟ್ಟಿಯ ಕೆಳಗೆ ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ತಾನಾಗಿ ಶುರುವಾಗುವುದನ್ನು ನಿಲ್ಲಿಸುವ ಸಾಲೂ ಇದೆ. 24ಎಚ್2ರಿಂದ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಹೊಸದಾಗಿ ಹಾಕಿದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿಬಿಡಬಹುದು. ಎನ್‌ಕ್ರಿಪ್ಶನ್ ಒಳ್ಳೆಯದೇ, ಲ್ಯಾಪ್‌ಟಾಪ್ ಕಳುವಾದರೆ ಅದೇ ಕಾಪಾಡುತ್ತದೆ. ಆದರೆ ಬಯಾಸ್‌ನಲ್ಲಿ ಏನೋ ಬದಲಿಸಿದ ದಿನ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಎನ್‌ಕ್ರಿಪ್ಶನ್ ಇಟ್ಟುಕೊಳ್ಳುವುದಾದರೆ ಇವತ್ತೇ ಕೀಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಎಸ್‌ಎಸ್‌ಡಿ ಈಗಾಗಲೇ ಇರುವವರು, ಎಲ್ಲ ಪ್ರೋಗ್ರಾಂ ಉಳಿಸಿಕೊಂಡು ಮೇಲೇರಬೇಕು ಎನ್ನುವವರು ಇನ್ನೊಂದು ದಾರಿ ಹಿಡಿಯಬಹುದು. ವಿಂಡೋಸ್ 10 ಒಳಗಿಂದಲೇ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಪೆನ್‌ಡ್ರೈವ್‌ನ ಸೆಟಪ್ ಫೈಲ್ ಹೆಸರಿನ ನಂತರ ಸ್ಪೇಸ್, ಸ್ಲ್ಯಾಶ್ ಪ್ರಾಡಕ್ಟ್, ಸ್ಪೇಸ್, ಸರ್ವರ್ ಎಂದು ಸೇರಿಸಿ ಓಡಿಸುವುದು. ಆಗ ತೆರೆಯ ಮೇಲೆ ದೊಡ್ಡದಾಗಿ ವಿಂಡೋಸ್ ಸರ್ವರ್ ಇನ್‌ಸ್ಟಾಲ್ ಆಗುತ್ತಿದೆ ಎಂದು ಬರುತ್ತದೆ. ಹೆದರಿ ನಿಲ್ಲಿಸಬೇಡಿ, ಒಳಗೆ ಹೋಗುವುದು ಮಾಮೂಲಿ ವಿಂಡೋಸ್ 11. ಫೈಲ್ ಮತ್ತು ಆ್ಯಪ್ ಉಳಿಸಿಕೊಳ್ಳಿ ಎಂಬ ಆಯ್ಕೆ ಕಾಣದಿದ್ದರೆ ಮಾತ್ರ ಅಲ್ಲೇ ರದ್ದು ಮಾಡಿ.

ಹಾಕಿದ ಮೇಲಿನ ಜವಾಬ್ದಾರಿಯನ್ನು ಸರ್ವಿಸ್‌ನವರು ಯಾರೂ ಹೇಳುವುದಿಲ್ಲ, ನಾನು ಒತ್ತಿ ಹೇಳಬೇಕೆಂದಿರುವುದು ಅದನ್ನೇ. ಇಂಥ ಮಿಷಿನ್‌ಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಲಿಖಿತವಾಗಿಯೇ ಹೇಳಿದೆ. ಇವತ್ತಿನವರೆಗೆ ತಿಂಗಳ ಸೆಕ್ಯುರಿಟಿ ಅಪ್‌ಡೇಟ್‌ಗಳು ನಾನು ನೋಡಿಕೊಳ್ಳುವ ಎಲ್ಲ ಮಿಷಿನ್‌ಗಳಿಗೂ ಬಂದಿವೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಹೋಮ್, ಪ್ರೊ ಆವೃತ್ತಿಗಳ ಆಯಸ್ಸು ತಲಾ ಎರಡು ವರ್ಷ. 25ಎಚ್2ಕ್ಕೆ 2027ರ ಅಕ್ಟೋಬರ್ 12ರವರೆಗೆ. ಅಷ್ಟರೊಳಗೆ ಯಾರಾದರೂ ಕೂತು ಮತ್ತೆ ಪೆನ್‌ಡ್ರೈವ್ ಮಾಡಿ ಮೇಲೇರಿಸಬೇಕು. ಆ ಯಾರೋ ನೀವೇ ಆಗಿದ್ದರೆ, ಅಥವಾ ಮನೆಯಲ್ಲಿ ಕಲಿಯುವ ಆಸಕ್ತಿಯಿರುವ ಮಕ್ಕಳಿದ್ದರೆ, ಧೈರ್ಯವಾಗಿ ಹಾಕಿಕೊಳ್ಳಿ. ಯಾರೂ ಇಲ್ಲ, ಒಮ್ಮೆ ಹಾಕಿಸಿ ಮರೆತುಬಿಡುತ್ತೇನೆ ಅಂದರೆ ನನ್ನ ಸಲಹೆ ಬೇರೆ. ಎಸ್‌ಎಸ್‌ಡಿ ಮಾತ್ರ ಹಾಕಿಸಿ, ವಿಂಡೋಸ್ 10ರಲ್ಲೇ ಇದ್ದು, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ವಿಸ್ತರಿತ ಸೆಕ್ಯುರಿಟಿ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ನೋಂದಣಿ 2026ರ ಅಕ್ಟೋಬರ್ 13ರವರೆಗೆ ರಕ್ಷಣೆ ಕೊಡುತ್ತದೆ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಇಟ್ಟರೆ ಹಣ ಕೊಡಬೇಕಿಲ್ಲ. 22ಎಚ್2 ಆವೃತ್ತಿ ಇರಬೇಕು ಅಷ್ಟೇ. ಅಲ್ಲಿಯವರೆಗೆ ಹೊಸದಕ್ಕೆ ದುಡ್ಡು ಕೂಡಿಸಿಕೊಳ್ಳಲು ಸಮಯ ಸಿಗುತ್ತದೆ.

ಕೋರ್ 2 ಡ್ಯುಯೊ ಮಿಷಿನ್ ಎಸೆಯಬೇಡಿ. 4 ಜಿಬಿ ರ‍್ಯಾಮ್ ಇದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಪ್ರಿಂಟ್, ಸ್ಕ್ಯಾನ್, ಯೂನಿಕೋಡ್ ಟೈಪಿಂಗ್‌ಗೆ ಬಿಡಿ. ನುಡಿಯಲ್ಲಿರುವ ಕೆಜಿಪಿ ಕೀಬೋರ್ಡ್ ವಿನ್ಯಾಸ ಅದರಲ್ಲೂ ಸಿಗುತ್ತದೆ, ಕೈಗೆ ರೂಢಿಯಾದ ಟೈಪಿಂಗ್ ಬದಲಿಸಬೇಕಿಲ್ಲ. ಟ್ಯಾಲಿ ಮತ್ತು ಹಳೆಯ ನುಡಿ ಫೈಲ್‌ಗಳ ಕೆಲಸವನ್ನು ಮಾತ್ರ ಅದಕ್ಕೆ ಹೊರಿಸಬೇಡಿ. ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ, ನಿಮ್ಮ ಪ್ರಿಂಟರ್‌ನಿಂದ ಒಂದು ಹಾಳೆ ಬರುತ್ತದಾ ನೋಡಿ.

ಲ್ಯಾಪ್‌ಟಾಪ್‌ನ ಕಂಪನಿ, ಮಾಡೆಲ್ ನಂಬರ್, ಟಿಪಿಎಂ ಕಿಟಕಿಯಲ್ಲಿ ಬಂದದ್ದು ಇಷ್ಟನ್ನು ಬರೆಯಿರಿ, ಬಯಾಸ್‌ಗೆ ಯಾವ ಕೀ, ಯಾವ ಮೆನು ಅಂತ ಹೇಳುತ್ತೇನೆ.